ಕೆಂಪು, ಹಸಿರು ಮತ್ತು ಮಾಮುವಿನ ಗಂಟು

ನಮ್ಮ ಮಾಮುವಿನ ಅಂಗಡಿ ಮೂಡಲಗಿಯಲ್ಲಿದೆ. ಸುಟ್ಟುಹೋದ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಬಾಗಿಲಲ್ಲಿ ಬಿಚ್ಚಿಟ್ಟ ಪಂಪುಗಳು, ಒಳಗೆ ತಾಮ್ರದ ತಂತಿಯ ಸುರುಳಿಗಳು, ಎಲ್ಲದರ ಮೇಲೂ ವಾರ್ನಿಷ್ ವಾಸನೆ. ಸುತ್ತ ಕಬ್ಬಿನ ಹೊಲಗಳು. ಬೇಸಿಗೆಯಲ್ಲಿ ಒಂದು ಮೋಟಾರು ಸುಟ್ಟರೆ ರೈತನಿಗೆ ಒಂದು ದಿನ ತಡೆಯಲಿಕ್ಕೂ ಆಗುವುದಿಲ್ಲ. ಆದರೆ ಕೈಯಲ್ಲಿ ರೊಕ್ಕ ಇರುವುದು ಕಬ್ಬಿನ ಬಿಲ್ ಬಂದ ಮೇಲೆ. ಹಾಗಾಗಿ ಮಾಮುವಿನ ವ್ಯಾಪಾರದಲ್ಲಿ ಹೆಚ್ಚಿನ ಪಾಲು ಉದ್ರಿ. ಆ ಉದ್ರಿಯೆಲ್ಲ ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದನೆಯ ವಹಿಯಲ್ಲಿ ಇರುತ್ತಿತ್ತು.

ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ. ವಹಿ ಮಾತ್ರ ಕನ್ನಡದಲ್ಲಿ. "ಗಿರಾಕಿ ತನ್ನ ಲೆಕ್ಕ ತಾನೇ ಓದಿ ನೋಡುವಂತಿರಬೇಕು" ಎನ್ನುವುದು ಮಾಮುವಿನ ನಿಯಮ. ರೊಕ್ಕ ಬಂದ ಕೂಡಲೇ ಆ ಸಾಲಿನ ಮೇಲೆ ದಪ್ಪಗೆ "ಮುಟ್ಟಿತು" ಎಂದು ಬರೆದು, ದಿನಾಂಕ ಹಾಕಿ, ಗಿರಾಕಿಗೆ ತೋರಿಸುತ್ತಿದ್ದರು.

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ನಾನು ಗೋಕಾಕದಿಂದ ಅಲ್ಲಿಗೆ ಹೋಗಿದ್ದೆ. ವಹಿಯ ಹಾಳೆಗಳು ಸಡಿಲವಾಗಿ ಉದುರುತ್ತಿದ್ದವು. "ನೀ ಕಂಪ್ಯೂಟರ್ ಸೈನ್ಸ್ ಓದುತ್ತೀಯಲ್ಲ, ಇದನ್ನು ಅದರೊಳಗೆ ಹಾಕಿಕೊಡು" ಎಂದರು ಮಾಮು. ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೆ ಲಿನಕ್ಸ್ ಹಾಕಿದೆ. ತರಗತಿಯಲ್ಲಿ ಕಲಿತ ಪೈಥಾನ್ ಇತ್ತು, ಲೆಕ್ಕ ಇಡಲು ಎಸ್‌ಕ್ಯೂಲೈಟ್, ಕಿಟಕಿ ಮತ್ತು ಗುಂಡಿಗಳನ್ನು ಮಾಡಲು ಜಿಟಿಕೆ. ಹದಿನೈದು ದಿನದಲ್ಲಿ ಲೆಕ್ಕ ಕೂಡುವ, ಕಳೆಯುವ, ಹುಡುಕುವ ಒಂದು ತಂತ್ರಾಂಶ ನಿಂತಿತು. ಆದರೆ ಅದರ ಮುಖ ಬೂದಿ ಬಣ್ಣದ್ದು. ನನಗೆ ಸಮಾಧಾನ ಇರಲಿಲ್ಲ.

ಆಗ ಗೊತ್ತಾದ ಒಂದು ಸಂಗತಿಯಿಂದ ನಾನು ಕುಣಿದಾಡಿಬಿಟ್ಟೆ. ವೆಬ್ ಪುಟಗಳಿಗೆ ಬಣ್ಣ, ಅಂಚು, ಅಕ್ಷರದ ಗಾತ್ರ ಹಚ್ಚುವ ಸಿಎಸ್ಎಸ್ ನಮ್ಮಲ್ಲಿ ಹಲವರಿಗೆ ಗೊತ್ತಿದೆ. 1994ರಲ್ಲಿ ಹಾಕೋನ್ ವಿಯುಮ್ ಲೀ ಎಂಬ ನಾರ್ವೆಯವರು ಅದನ್ನು ಪ್ರಸ್ತಾಪಿಸಿದರು, 1996ರಲ್ಲಿ ಮೊದಲ ಆವೃತ್ತಿ ಪ್ರಮಾಣವಾಯಿತು. 2011ರಲ್ಲಿ ಬಂದ ಜಿಟಿಕೆ 3ರಿಂದ ಅದೇ ಭಾಷೆಯನ್ನು ಮೇಜಿನ ಮೇಲಿನ ತಂತ್ರಾಂಶಕ್ಕೂ ಬಳಸಬಹುದು. ಪ್ರತಿ ಗುಂಡಿಗೆ "ಬಟನ್", ಬರಹಕ್ಕೆ "ಲೇಬಲ್", ತುಂಬುವ ಜಾಗಕ್ಕೆ "ಎಂಟ್ರಿ" ಎಂಬ ಹೆಸರಿರುತ್ತದೆ. ಆ ಹೆಸರು ಹಿಡಿದು ಬೇರೆ ಕಡತದಲ್ಲಿ ಎರಡು ಸಾಲು ಬರೆದರೆ ಸಾಕು, ಪೈಥಾನ್ ಮುಟ್ಟದೆಯೇ ಇಡೀ ಕಿಟಕಿಯ ವೇಷ ಬದಲಾಗುತ್ತದೆ.

ಮೊದಲ ದಿನವೇ ಪೆಟ್ಟು ತಿಂದೆ. ಗುಂಡಿಗೆ ನೀಲಿ ಹಿನ್ನೆಲೆ ಕೊಟ್ಟೆ. ಬರಲಿಲ್ಲ. ಅಕ್ಷರ ತಿದ್ದಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಬೂದಿ ಬಣ್ಣವೇ. ಸಂಜೆಯವರೆಗೆ ಹುಡುಕಿದ ಮೇಲೆ ತಿಳಿಯಿತು: ಜಿಟಿಕೆಯ ಮೂಲ ಥೀಮು ಗುಂಡಿಯ ಮೇಲೆ ಮೇಲಿಂದ ಕೆಳಗೆ ಛಾಯೆ ಬದಲಾಗುವ ಒಂದು ಹಿನ್ನೆಲೆ ಚಿತ್ರವನ್ನು ಹಾಸಿರುತ್ತದೆ. ಸಿಎಸ್ಎಸ್‌ನಲ್ಲಿ ಹಿನ್ನೆಲೆ ಚಿತ್ರ ಯಾವಾಗಲೂ ಹಿನ್ನೆಲೆ ಬಣ್ಣದ ಮೇಲೆ ಕೂರುತ್ತದೆ. ನಾನು ಹಚ್ಚಿದ ನೀಲಿ ಅಲ್ಲೇ ಇತ್ತು, ಚಿತ್ರದ ಅಡಿಯಲ್ಲಿ. ಕ್ಯಾಲೆಂಡರ್ ತೆಗೆಯದೆ ಅದರ ಹಿಂದಿನ ಗೋಡೆಗೆ ಸುಣ್ಣ ಹೊಡೆದಂತೆ. "ಬ್ಯಾಕ್‌ಗ್ರೌಂಡ್-ಇಮೇಜ್: ನನ್" ಎಂದು ಒಂದು ಸಾಲು ಸೇರಿಸಿದೆ, ನೀಲಿ ಹೊರಗೆ ಬಂತು.

ಇನ್ನೊಂದು ತೊಡಕು ಕನ್ನಡದ್ದು. ಪಟ್ಟಿಯ ಸಾಲುಗಳು ಒಂದೇ ಎತ್ತರ ಬರುತ್ತಿರಲಿಲ್ಲ. ಕನ್ನಡ ಹೆಸರಿದ್ದ ಸಾಲು ಎತ್ತರ, ಇಂಗ್ಲಿಷಿನಲ್ಲಿ ಪಂಪಿನ ಕಂಪನಿ ಹೆಸರು ಮಾತ್ರ ಇದ್ದ ಸಾಲು ಗಿಡ್ಡ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಅದಕ್ಕಾಗಿ ಕನ್ನಡ ಫಾಂಟು ಸಾಲಿಗೆ ಹೆಚ್ಚು ಜಾಗ ಕೇಳುತ್ತದೆ. ಎಲ್ಲ ಸಾಲಿಗೂ ಕನಿಷ್ಠ ಎತ್ತರ ನಿಗದಿ ಮಾಡಿ, ನೋಟೊ ಸಾನ್ಸ್ ಕನ್ನಡ ಫಾಂಟನ್ನು ಮೊದಲು ಹೆಸರಿಸಿದ ಮೇಲೆ ಸರಿಹೋಯಿತು.

ಕೊನೆಗೆ ನನ್ನ ಹೆಮ್ಮೆಯ ಕೆಲಸ. ರೊಕ್ಕ ಬಾಕಿ ಇರುವ ಸಾಲಿಗೆ ಒಂದು ಕ್ಲಾಸು, ಮುಟ್ಟಿದ ಸಾಲಿಗೆ ಇನ್ನೊಂದು. ಬಾಕಿಗೆ ತಿಳಿ ಗುಲಾಬಿ, ಮುಟ್ಟಿದ್ದಕ್ಕೆ ತಿಳಿ ಹಸಿರು. ಮೊದಲು ಸಾಲಿನ ಕೊನೆಯಲ್ಲಿ "ಬಾಕಿ", "ಮುಟ್ಟಿತು" ಎಂಬ ಪದಗಳೂ ಇದ್ದವು. ಬಣ್ಣವೇ ಹೇಳುವಾಗ ಪದ ಯಾಕೆ, ಪರದೆ ಇಕ್ಕಟ್ಟಾಗುತ್ತದೆ ಎಂದು ತೆಗೆದುಹಾಕಿದೆ. ತೋರಿಸಿದಾಗ ಮಾಮು ಬಹಳ ಹೊತ್ತು ನೋಡಿ, "ಛಲೋ ಆಗೇದ" ಎಂದರು. ಅವರು ಅಷ್ಟು ಹೊತ್ತು ಯಾಕೆ ನೋಡಿದರು ಎಂದು ನಾನು ಕೇಳಲಿಲ್ಲ.

ಆರು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ದೀಪಾವಳಿ ಮುಗಿದ ವಾರ ಮಾಮುವಿನ ಫೋನ್ ಬಂತು. ಬೈಯಲಿಲ್ಲ. "ಐತವಾರ ಬಾ, ನಿನ್ನ ಕಂಪ್ಯೂಟರ್ ಒಂದು ಸಲ ನೋಡು" ಅಂದರು ಅಷ್ಟೇ.

ನಡೆದದ್ದು ಇಷ್ಟು. ಮಾಮು ಹುಡುಗನಾಗಿದ್ದಾಗ ಕೆಲಸ ಕಲಿತದ್ದು ಹುಕ್ಕೇರಿಯಲ್ಲಿ, ಒಬ್ಬ ಉಸ್ತಾದರ ಕೈಕೆಳಗೆ. ಆ ಕಾಲದಿಂದಲೂ ಅವರ ಹತ್ತಿರವೇ ಮೋಟಾರು ಕೊಡುವ ಒಬ್ಬ ಹಿರಿಯ ರೈತರಿದ್ದಾರೆ. ಮಾಮು ಮೂಡಲಗಿಗೆ ಬಂದ ಮೇಲೂ ಪಂಪನ್ನು ಗಾಡಿಗೆ ಹಾಕಿಕೊಂಡು ಇಲ್ಲಿಗೇ ಬರುತ್ತಾರೆ. ಆ ದಿನ ಅವರು ಬಂದಾಗ ಅಂಗಡಿ ತುಂಬ ಜನ. ಮಾಮು ಪರದೆ ನೋಡಿ, "ಗೌಡ್ರ, ಹಿಂದಿಂದು ಒಂದು ಉಳದೈತ್ರಿ" ಎಂದು ಮೊತ್ತ ಹೇಳಿದರು.

"ಅದನ್ನ ಮುಟ್ಟಿಸಿ ನಾಕ ತಿಂಗಳಾತು ಮಿಸ್ತ್ರಿ. ನಿಮ್ಮ ಕೈಯಾಗ ಕೊಟ್ಟೀನಿ."

"ಇಲ್ಲಿ ಬಾಕಿ ತೋರಸಾಕತ್ತೈತ್ರಿ."

ಅವರು ಮತ್ತೆ ವಾದಿಸಲಿಲ್ಲ. ಜೇಬಿನಿಂದ ರೊಕ್ಕ ತೆಗೆದು ಮೇಜಿನ ಮೇಲಿಟ್ಟು, "ವಹಿ ಇದ್ದಾಗ ಹಿಂಗ ಆಗಿದ್ದಿಲ್ಲ ಬಿಡ್ರಿ" ಎಂದು ಎದ್ದು ಹೋದರಂತೆ. ದುರಸ್ತಿಗೆ ತಂದಿದ್ದ ಪಂಪನ್ನೂ ಇಳಿಸಲಿಲ್ಲ.

ನಾನು ಹೋಗಿ ಆ ಸಾಲು ತೆಗೆದೆ. ಲೆಕ್ಕ ಸರಿ ಇತ್ತು. ಜುಲೈ ತಿಂಗಳಲ್ಲಿ ಪೂರ್ತಿ ಜಮಾ. ಸಾಲು ಹಸಿರಾಗಿತ್ತು.

"ಮಾಮು, ಇದು ಹಸಿರು ಐತಲ್ಲ?"

"ಯಾವುದು?"

"ಇದು. ಇದರ ಕೆಳಗಿಂದು ಗುಲಾಬಿ, ಬಾಕಿ. ಇದು ಹಸಿರು."

ಮಾಮು ಪರದೆ ನೋಡಿದರು, ನನ್ನನ್ನು ನೋಡಿದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. "ಎರಡೂ ಒಂದೇ ಥರ ಕಾಣತಾವಪ್ಪ ನನಗ" ಎಂದರು.

ಇಷ್ಟು ದಿನ ಅವರು ಕೆಲಸದ ಹುಡುಗನನ್ನು ಕರೆದು "ನೋಡೋ, ಇವರದು ಏನೈತಿ" ಎಂದು ಕೇಳುತ್ತಿದ್ದರು. ಗಿರಾಕಿಗೆ ಹುಡುಗ ಓದಿ ಹೇಳುವುದು ದೊಡ್ಡಸ್ತಿಕೆಯಂತೆ ಕಾಣುತ್ತಿತ್ತು. ಆ ವಾರ ಹುಡುಗ ಹಬ್ಬಕ್ಕೆ ಊರಿಗೆ ಹೋಗಿದ್ದ.

ನನಗೆ ಮೊದಲು ಹುಟ್ಟಿದ ಪ್ರಶ್ನೆ, ಹಾಗಿದ್ದರೆ ಇಷ್ಟು ವರ್ಷ ತಂತಿ ಹೇಗೆ ಜೋಡಿಸಿದರು? ಕೆಂಪು, ಹಸಿರು ತಪ್ಪಿದರೆ ಜೀವ ಹೋಗುವ ಕೆಲಸವಲ್ಲವೇ? ಕೇಳಿದೆ. ಮಾಮು ಎದ್ದು ಒಂದು ಹಳೆಯ ಸ್ಟಾರ್ಟರ್ ಡಬ್ಬಿ ತೆರೆದರು. ಒಳಗಿನ ತಂತಿಗಳ ತುದಿಗೆ ಬಿಳಿ ದಾರದ ಗಂಟುಗಳು. ಕೆಂಪಿಗೆ ಒಂದು ಗಂಟು. ಅರ್ಥಿಂಗಿನ ಹಸಿರಿಗೆ ಎರಡು. ಹೊಸ ಕೇಬಲ್ ತಂದ ದಿನವೇ, ಅಂಗಡಿಯವನ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡು, ಗಂಟು ಹಾಕಿಬಿಡುತ್ತಾರೆ. ಆಮೇಲೆ ಟೆಸ್ಟರ್ ಹಚ್ಚಿ ಮತ್ತೊಮ್ಮೆ ನೋಡುತ್ತಾರೆ. ಆ ಗಂಟುಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಗುರುತಿಗೆ ಇರಬೇಕು ಎಂದುಕೊಂಡಿದ್ದೆ.

ಯಾರಿಗೂ ಯಾಕೆ ಹೇಳಲಿಲ್ಲ ಎಂದೆ. ಶಾಲೆಯಲ್ಲಿ ಒಮ್ಮೆ ಮಾವಿನ ಎಲೆಗೆ ಕಂದು ಬಣ್ಣ ತುಂಬಿದಾಗ ಹುಡುಗರೆಲ್ಲ ನಕ್ಕರಂತೆ. ಬುದ್ಧಿ ಕಡಿಮೆ ಅನ್ನುತ್ತಾರೆಂದು ಅಂದಿನಿಂದ ಸುಮ್ಮನಾದರು. ಮಿಸ್ತ್ರಿಗೆ ಬಣ್ಣ ಗೊತ್ತಾಗುವುದಿಲ್ಲ ಎಂದು ಊರಿಗೆ ತಿಳಿದರೆ ಮೋಟಾರು ಯಾರು ತರುತ್ತಾರೆ?

ಮಾಮುವಿನ ಮಗಳು ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಾಳೆ. ನನಗಿಂತ ನಾಲ್ಕು ತಿಂಗಳಿಗೆ ದೊಡ್ಡವಳು, ಹಾಗಾಗಿ ಆಪಾ ಅನ್ನಲೇಬೇಕು. ಆ ರಾತ್ರಿ ಆಪಾ ಜೀವಶಾಸ್ತ್ರದ ಪುಸ್ತಕ ತಂದು ಅನುವಂಶೀಯತೆಯ ಪಾಠ ತೆರೆದಳು. ಕೆಂಪು-ಹಸಿರು ವರ್ಣಾಂಧತೆಯ ವಂಶವಾಹಿ ಎಕ್ಸ್ ಕ್ರೋಮೋಸೋಮಿನಲ್ಲಿರುತ್ತದೆ. ಗಂಡಸಿಗೆ ಎಕ್ಸ್ ಒಂದೇ. ಅದರಲ್ಲಿ ದೋಷವಿದ್ದರೆ ಮುಚ್ಚಲು ಎರಡನೆಯದಿಲ್ಲ. ಹೆಂಗಸಿಗೆ ಎರಡಿರುವುದರಿಂದ ಸಾಮಾನ್ಯವಾಗಿ ಅವಳು ವಾಹಕಿಯಷ್ಟೇ ಆಗುತ್ತಾಳೆ. ಪುಸ್ತಕದ ಪ್ರಕಾರ ಗಂಡಸರಲ್ಲಿ ನೂರಕ್ಕೆ ಸುಮಾರು 8, ಹೆಂಗಸರಲ್ಲಿ 0.4 ಮಾತ್ರ. ಜನಾಂಗದಿಂದ ಜನಾಂಗಕ್ಕೆ ಈ ಪ್ರಮಾಣ ಬದಲಾಗುತ್ತದೆ.

ಆಪಾ ಹಾಳೆಯ ಮೇಲೆ ಗೆರೆ ಹಾಕಿದಳು. "ಅಬ್ಬಾ ಅವರಿಗೆ ಬಂದದ್ದು ದಾದಿಯಿಂದ. ನನಗೆ ಅಬ್ಬಾನ ಆ ಒಂದೇ ಎಕ್ಸ್ ಬಂದೇ ಬಂದಿರುತ್ತದೆ, ನಾನಂತೂ ವಾಹಕಿ. ಫುಫು, ಅಂದರೆ ನಿಮ್ಮ ಅಮ್ಮಿ, ವಾಹಕಿ ಆಗಿರುವ ಸಾಧ್ಯತೆ ಅರ್ಧ. ಆಗಿದ್ದರೆ ನೀನು, ನಿನ್ನ ತಮ್ಮ, ಇಬ್ಬರಿಗೂ ಅರ್ಧರ್ಧ." ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿದ್ದ ವಿಷಯ ನಮ್ಮ ಮನೆಯ ನಕ್ಷೆಯಾಗಿ ಎದುರಿಗೆ ಕೂತಿತು. ಮಾಮು ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಬಹಳ ಹೊತ್ತು ಓದಿದರು. "ಹಂಗಾದರ ಇದು ಬುದ್ಧಿದಲ್ಲ" ಎಂದರು.

ಅವರಿಗೆ ನಾನು ಜಾನ್ ಡಾಲ್ಟನ್ ಕಥೆ ಹೇಳಿದೆ. ರಸಾಯನಶಾಸ್ತ್ರದಲ್ಲಿ ನಾವೆಲ್ಲ ಓದುವ ಪರಮಾಣು ಸಿದ್ಧಾಂತದ ಡಾಲ್ಟನ್. ಅವನಿಗೂ ಕೆಂಪು-ಹಸಿರಿನ ಭೇದ ತಿಳಿಯುತ್ತಿರಲಿಲ್ಲ. 1794ರಲ್ಲಿ ತನ್ನ ದೃಷ್ಟಿಯ ಬಗ್ಗೆ ತಾನೇ ಪ್ರಬಂಧ ಓದಿದ. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು ಎಂದು ಅವನ ಊಹೆ. ಸತ್ತ ಮೇಲೆ ಕಣ್ಣು ಕೊಯ್ದು ನೋಡಿ ಎಂದು ಹೇಳಿಟ್ಟಿದ್ದ. 1844ರಲ್ಲಿ ನೋಡಿದರು, ದ್ರವ ನೀಲಿಯಾಗಿರಲಿಲ್ಲ. ಉಳಿಸಿಟ್ಟಿದ್ದ ಆ ಕಣ್ಣಿನ ಡಿಎನ್ಎ ಪರೀಕ್ಷೆ 1995ರಲ್ಲಿ ನಡೆದು ಕಾರಣ ತಿಳಿಯಿತು: ಹಸಿರನ್ನು ಗ್ರಹಿಸಲು ಬೇಕಾದ ವಂಶವಾಹಿಯೇ ಅವನಲ್ಲಿ ಇರಲಿಲ್ಲ. "ಅಷ್ಟು ದೊಡ್ಡ ಮನುಷ್ಯಗೂ?" ಎಂದು ಮಾಮು ಎರಡು ಸಲ ಕೇಳಿದರು.

ಮರುದಿನ ತಂತ್ರಾಂಶ ತಿದ್ದಲು ಕೂತೆ. ಈ ಸಲ ಮಾಮುವನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಜಿಟಿಕೆಯಲ್ಲಿ ಇನ್ಸ್ಪೆಕ್ಟರ್ ಎಂಬ ಒಂದು ಸೌಲಭ್ಯವಿದೆ. ಅದರಲ್ಲಿ ಸಿಎಸ್ಎಸ್ ಟೈಪ್ ಮಾಡುತ್ತಿದ್ದಂತೆ ಓಡುತ್ತಿರುವ ಕಿಟಕಿಯೇ ಬದಲಾಗುತ್ತದೆ. ನಾನು ಒಂದೊಂದೇ ಬಣ್ಣ ಹಾಕುತ್ತ ಹೋದೆ, ಅವರು "ಇದು ಬ್ಯಾರೆ", "ಇದು ಅದ" ಎನ್ನುತ್ತ ಹೋದರು. ತಿಳಿ ಹಸಿರು, ತಿಳಿ ಗುಲಾಬಿ, ತಿಳಿ ಕಂದು ಅವರಿಗೆ ಒಂದೇ. ನೀಲಿ ಮತ್ತು ಹಳದಿ ಸ್ಪಷ್ಟವಾಗಿ ಬೇರೆ. ತಿಳಿ ಬಣ್ಣಗಳು ನನ್ನ ಕಣ್ಣಿಗೆ ಚೆಂದ, ಅವರ ಕಣ್ಣಿಗೆ ಎಲ್ಲವೂ ಮಂಜು.

ಬರೀ ಬಣ್ಣ ಬದಲಿಸಿದರೆ ಸಾಲದು ಎನ್ನುವುದನ್ನು ಗಂಟುಗಳು ಕಲಿಸಿದ್ದವು. ಬಾಕಿ ಸಾಲಿಗೆ ಎಡಗಡೆ ಎಂಟು ಪಿಕ್ಸೆಲ್ ದಪ್ಪದ ಕಡು ನೀಲಿ ಪಟ್ಟಿ ಹಾಕಿದೆ, ಅಕ್ಷರ ದಪ್ಪ ಮಾಡಿದೆ. ಮುಟ್ಟಿದ ಸಾಲಿಗೆ ಪಟ್ಟಿ ಇಲ್ಲ, ಅಕ್ಷರ ಸಾದಾ. ನಾನು ಕಿತ್ತುಹಾಕಿದ್ದ ಪದಗಳನ್ನು ವಾಪಸು ತಂದೆ: "ಬಾಕಿ", "ಮುಟ್ಟಿತು", ಪಕ್ಕದಲ್ಲಿ ದಿನಾಂಕ. ಪರದೆಯ ಚಿತ್ರ ತೆಗೆದು ಬಣ್ಣ ಪೂರ್ತಿ ಇಳಿಸಿ ಕಪ್ಪು-ಬಿಳುಪಿನಲ್ಲಿ ನೋಡಿದೆ. ಆಗಲೂ ಯಾವುದು ಬಾಕಿ ಎಂದು ತಿಳಿಯುತ್ತಿತ್ತು. ಇದು ನನ್ನ ಹೊಸ ಶೋಧವೇನಲ್ಲ. ವೆಬ್ ಪುಟಗಳು ಎಲ್ಲರಿಗೂ ಓದಲು ಬರಬೇಕೆಂದು 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ: ಯಾವ ಮಾಹಿತಿಯನ್ನೂ ಬಣ್ಣ ಒಂದರಿಂದಲೇ ಹೇಳಬಾರದು, ಸಾಮಾನ್ಯ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವಿನ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ನಾನು ಸಿಎಸ್ಎಸ್ ಕಲಿಯುವಾಗ ಇದನ್ನು ದಾಟಿ ಹೋಗಿದ್ದೆ, ಅವಸರದಲ್ಲಿ.

ಇನ್ನೊಂದು ವಿಷಯವನ್ನು ಆಗ ಮತ್ತೆ ಓದಿದೆ. ಒಂದೇ ಗುಂಡಿಯ ಬಗ್ಗೆ ಹಲವು ಕಡೆಯಿಂದ ಸಿಎಸ್ಎಸ್ ಬಂದರೆ ಯಾರ ಮಾತು ನಡೆಯಬೇಕು ಎಂಬುದಕ್ಕೆ ಜಿಟಿಕೆಯಲ್ಲಿ ಅಂಕಿಗಳಿವೆ. ಥೀಮಿಗೆ 200. ತಂತ್ರಾಂಶ ಬರೆದವನಿಗೆ 600. ಬಳಸುವವನು ತನ್ನ ಹೋಮ್ ಫೋಲ್ಡರಿನಲ್ಲಿ ತಾನೇ ಬರೆದಿಟ್ಟುಕೊಂಡ ಕಡತಕ್ಕೆ 800. ಎಂದರೆ ಬಳಸುವವನ ಮಾತೇ ಕೊನೆಯದು. ರಜೆಯಲ್ಲಿ ಇದನ್ನು ಓದಿದಾಗ 600 ಎಂಬ ನನ್ನ ಅಂಕಿಯನ್ನಷ್ಟೇ ಬರೆದುಕೊಂಡಿದ್ದೆ, ಥೀಮನ್ನು ಸೋಲಿಸಬೇಕಿತ್ತಲ್ಲ. 800 ಯಾರದು ಎಂದು ಯೋಚಿಸಿರಲಿಲ್ಲ. ಆರು ತಿಂಗಳು ಪರದೆಯ ಮುಂದೆ ಕೂತವರು ಮಾಮು, ಅವರನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಈಗ ಆ ಕಡತ ಅವರ ಕಂಪ್ಯೂಟರಿನಲ್ಲಿದೆ, ಅಕ್ಷರದ ಗಾತ್ರ ಅವರು ಹೇಳಿದ್ದು. ನನಗೆ ಅದು ವಿಪರೀತ ದೊಡ್ಡದಾಗಿ ಕಾಣುತ್ತದೆ. ಇರಲಿ.

ಮುಂದಿನ ಐತವಾರ ಮಾಮು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹುಕ್ಕೇರಿ ಕಡೆ ಹೊರಟರು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ನಿಂತು ನಿಂತು ಹೋದೆವು. ನಾನು ದಾರಿಯಲ್ಲಿ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ: ಲೆಕ್ಕ ಸರಿ ಇತ್ತು, ತೋರಿಸುವ ರೀತಿಯಲ್ಲಿ ದೋಷ, ಇತ್ಯಾದಿ. ಅಲ್ಲಿ ಅದಾವುದೂ ಬೇಕಾಗಲಿಲ್ಲ. ಮಾಮು ಕಟ್ಟೆಯ ಮೇಲೆ ಕೂತು ರೊಕ್ಕ ಮುಂದಿಟ್ಟರು. "ಗೌಡ್ರ, ತಪ್ಪು ನಂದು. ನನಗ ಕೆಂಪು, ಹಸರು ಗೊತ್ತಾಗೂದಿಲ್ಲ. ಹುಟ್ಟಿದಾಗಿಂದ. ಯಾರಿಗೂ ಹೇಳಿದ್ದಿಲ್ಲ" ಎಂದರು.

ಅವರು ರೊಕ್ಕದ ಕಡೆ ನೋಡಲಿಲ್ಲ. "ಮತ್ತ ಇಷ್ಟು ವರ್ಷ ನಮ್ಮ ಮೋಟಾರು ಹೆಂಗ ಕಟ್ಟೀರಿ?" ಎಂದರು. ಮಾಮು ಗಂಟಿನ ವಿಷಯ ಹೇಳಿದರು. ಅವರು ಎದ್ದು ಹೋಗಿ ಪಂಪಿನ ಮನೆಯ ಡಬ್ಬಿ ತೆರೆದು ನೋಡಿ ಬಂದರು. "ಹೌದ್ರಿ, ಗಂಟ ಅದಾವು. ನಾ ದಿನಾ ನೋಡತೀನಿ, ಯಾಕಂತ ತಿಳದಿದ್ದಿಲ್ಲ" ಎಂದು ನಕ್ಕರು. ಚಹಾ ಬಂತು. ಹೊರಡುವಾಗ, ರಿಪೇರಿಗೆ ಬಾಕಿ ಇದ್ದ ಆ ಪಂಪನ್ನು ಬುಧವಾರ ತರುತ್ತೇನೆ ಎಂದರು. ತಂದರು ಕೂಡ. ಬಿಲ್ ಕೊಟ್ಟ ಮೇಲೆ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು "ಮುಟ್ಟಿತು" ಎಂದು ತಾವೇ ಓದಿದರಂತೆ.

ಬಣ್ಣ ಪರೀಕ್ಷಿಸುವ ಇಶಿಹಾರಾ ಪುಸ್ತಕದ ಬಗ್ಗೆ ಆಪಾ ಹೇಳಿದ್ದಳು. ಜಪಾನಿನ ವೈದ್ಯ ಶಿನೊಬು ಇಶಿಹಾರಾ 1917ರಲ್ಲಿ ಪ್ರಕಟಿಸಿದ್ದು. ಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿ ಓದಬೇಕು. ಅರ್ಧ ಗಂಟೆಯೂ ಬೇಡ. ಗೋಕಾಕದಲ್ಲಿ ಕಣ್ಣಿನ ವೈದ್ಯರ ಹತ್ತಿರ ಅಮ್ಮಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ನಾನು ಎಲ್ಲ ಅಂಕಿ ಓದಿದೆ. ಏಳನೇ ತರಗತಿಯ ನನ್ನ ತಮ್ಮ ಮೊದಲ ಹಾಳೆ ಓದಿದ, ಮುಂದಿನ ಹಲವು ಹಾಳೆಗಳಲ್ಲಿ ತಡವರಿಸಿದ. "ಇದರಲ್ಲಿ ಏನೂ ಇಲ್ಲವಲ್ಲ" ಎಂದ. ಅವನು ನಟಿಸುತ್ತಿದ್ದಾನೆ ಎಂದು ಅಮ್ಮಿಗೆ ಮೊದಲು ಅನ್ನಿಸಿತು. ಆಮೇಲೆ ಅವರ ಮುಖ ಸಣ್ಣದಾಯಿತು. ತನ್ನಿಂದ ಬಂದದ್ದು ಎಂಬ ಸಂಕಟ. ವೈದ್ಯರು ತಾಳ್ಮೆಯಿಂದ ಹೇಳಿದರು: ಇದಕ್ಕೆ ಸದ್ಯ ವಾಸಿ ಮಾಡುವ ಔಷಧಿ ಇಲ್ಲ, ಇದು ಹೆಚ್ಚಾಗುವುದೂ ಇಲ್ಲ, ಓದಿಗೆ ಅಡ್ಡಿ ಇಲ್ಲ. ಆದರೆ ರೈಲು ಚಾಲಕನಂಥ ಕೆಲವು ಕೆಲಸಗಳಿಗೆ ಬಣ್ಣದ ಪರೀಕ್ಷೆ ಕಡ್ಡಾಯ, ಅದನ್ನು ಈಗಲೇ ತಿಳಿದಿರುವುದು ಒಳ್ಳೆಯದು.

ಆ ಸಂಜೆ ಮಾಮು ಫೋನಿನಲ್ಲಿ ತಮ್ಮನ ಜೊತೆ ಒಂದು ತಾಸು ಮಾತಾಡಿದರು. ಏನು ಹೇಳಿದರೋ ಗೊತ್ತಿಲ್ಲ. ಮರುದಿನ ತಮ್ಮ ತನ್ನ ಸ್ಕೆಚ್ ಪೆನ್ನುಗಳ ಮುಚ್ಚಳಕ್ಕೆಲ್ಲ ಕಾಗದ ಅಂಟಿಸಿ ಬಣ್ಣದ ಹೆಸರು ಬರೆಸಿಕೊಂಡ. ತನ್ನ ಡ್ರಾಯಿಂಗ್ ಟೀಚರಿಗೆ ತಾನೇ ಹೇಳಿದ. ಮಾಮು ಹೇಳಲು ನಲವತ್ತು ವರ್ಷ ಹಿಡಿದ ಮಾತನ್ನು ಅವನು ಒಂದು ದಿನದಲ್ಲಿ ಹೇಳಿಬಿಟ್ಟ.

ಇದನ್ನು ಬರೆಯಲು ಮಾಮು ಒಪ್ಪಿಗೆ ಕೊಟ್ಟಿದ್ದಾರೆ. ಓದುವ ಗೆಳೆಯರಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ ಚಿಕ್ಕದು. ನಮ್ಮ ಹುಡುಗರ ತರಗತಿಗಳಲ್ಲೂ ಒಬ್ಬಿಬ್ಬರು ಹೀಗೆ ಸುಮ್ಮನೆ ಕೂತಿರಬಹುದು. ಹಸಿರು ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆದದ್ದು ಅವರಿಗೆ ಕಾಣದೇ ಇರಬಹುದು. ಟೈಟ್ರೇಷನ್ ಮಾಡುವಾಗ ಬಣ್ಣ ಬದಲಾದ ಗಳಿಗೆ ತಪ್ಪಿಹೋಗಬಹುದು. ನಕ್ಕುಬಿಡಬೇಡಿ, ಪಕ್ಕದವರು "ಈಗ ಬದಲಾಯಿತು" ಎಂದು ಒಂದು ಮಾತು ಹೇಳಿ. ಸೂಚನಾ ಫಲಕದಲ್ಲಿ ಪಾಸಾದವರಿಗೆ ಹಸಿರು, ಉಳಿದವರಿಗೆ ಕೆಂಪು ಗುರುತು ಹಾಕುವಾಗ ಪಕ್ಕದಲ್ಲಿ ಪದವನ್ನೂ ಬರೆಯಿರಿ. ತಂತ್ರಾಂಶ ಬರೆಯುವ ನಮ್ಮ ಬ್ಯಾಚಿನವರು, ಬಣ್ಣ ಹಚ್ಚುವ ಮೊದಲು, ಅದರ ಮುಂದೆ ಕೂರುವವರನ್ನು ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ಹಳೆಯ ವಹಿ ಈಗಲೂ ಅಂಗಡಿಯ ಕಪಾಟಿನಲ್ಲಿದೆ. ಮೊನ್ನೆ ಹೋದಾಗ ತೆಗೆದು ನೋಡಿದೆ. ನೀಲಿ ಶಾಯಿ, ಅಡ್ಡಡ್ಡ "ಮುಟ್ಟಿತು", ಕೆಳಗೆ ದಿನಾಂಕ. ಇಡೀ ವಹಿಯಲ್ಲಿ ಎರಡನೆಯ ಬಣ್ಣವೇ ಇರಲಿಲ್ಲ.